ಅಪ್ಪನ ಕಾರಿಗೆ ಜೀಪಿನ ಆಕ್ಸಲ್

ನಮ್ಮ ಯಜಮಾನರ ಬಾಯಲ್ಲಿ ‘ಶಾಶ್ವತ ಪರಿಹಾರ’ ಎಂಬ ಮಾತು ಬಂತೆಂದರೆ ಮನೆಯಲ್ಲಿ ನೆಟ್ಟಗಿರುವ ಯಾವುದೋ ಒಂದು ವಸ್ತುವಿಗೆ ಗ್ರಹಚಾರ ಶುರುವಾಯಿತೆಂದೇ ಅರ್ಥ. ನಲ್ಲಿ ಸೋರುತ್ತಿದೆ, ಒಂದು ವಾಷರ್ ಹಾಕಿಸಿ ಅಂದಿದ್ದಕ್ಕೆ ಶಾಶ್ವತ ಪರಿಹಾರವೆಂದು ಗೋಡೆಯನ್ನೇ ಒಡೆಸಿದ್ದರು. ಶಿವಮೊಗ್ಗದ ಆಲ್ಕೊಳ ಬಡಾವಣೆಯ ನಮ್ಮ ಮನೆಯ ಬಚ್ಚಲಲ್ಲಿ ಆ ಗೋಡೆ ಇವತ್ತಿಗೂ ತೇಪೆ ಹಾಕಿಸಿಕೊಂಡು ನಿಂತಿದೆ, ನಲ್ಲಿ ಸೋರುತ್ತಲೇ ಇದೆ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿ ನಿವೃತ್ತರಾದವರು ಇವರು. ಅಲ್ಲಿ ಏನು ಮಾಡುತ್ತಿದ್ದರೋ ನನಗೆ ಗೊತ್ತಿಲ್ಲ. ನಿವೃತ್ತರಾದ ಮೇಲೆ ಮಾಡಿದ್ದನ್ನೆಲ್ಲ ಕಣ್ಣಾರೆ ನೋಡಿದ್ದೇನೆ.

ಈ ಸಲ ಗ್ರಹಚಾರ ವಕ್ಕರಿಸಿದ್ದು ಕಾರಿಗೆ. ಅದು ನಮ್ಮಪ್ಪನ ಅಂಬಾಸಿಡರ್. ಅಪ್ಪ ಹೋದ ಮೇಲೆ ನನಗೆ ಬಂತು. ಓಡಿಸುವವಳೂ ನಾನೇ, ಒರೆಸುವವಳೂ ನಾನೇ. ಯಾರಾದರೂ ನಿಂತು ನೋಡಿದಾಗ ಮಾತ್ರ ಇವರು ‘ನಮ್ಮ ಕಾರು’ ಎನ್ನುತ್ತಾರೆ. ಹಿಂದೊಮ್ಮೆ ಅದರ ಇಂಜಿನ್ ಕಿತ್ತು ದೊಡ್ಡ ಡೀಸೆಲ್ ಇಂಜಿನ್ ಕೂರಿಸಿದ್ದರು. ಅದೂ ಒಂದು ಶಾಶ್ವತ ಪರಿಹಾರವೇ. ಯಾವ ತೊಂದರೆಗೆ ಎಂದು ಕೇಳಿದರೆ ಇವತ್ತಿಗೂ ಬಾನೆಟ್ ಎತ್ತಿ ತೋರಿಸುತ್ತಾರೆ.

ಗುರುವಾರ ಬಂತೆಂದರೆ ನಾನು ಆ ಕಾರು ತೆಗೆದುಕೊಂಡು ಭದ್ರಾವತಿಗೆ ಹೋಗಿ ಅಕ್ಕನನ್ನು ಶಿವಮೊಗ್ಗಕ್ಕೆ ಕರೆತರುತ್ತಿದ್ದೆ. ಅಕ್ಕ ಅಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಮಂಡಿ ಆಪರೇಷನ್ ಆದ ಮೇಲೆ ಅವಳ ಬಲಗಾಲು ಮಡಚುವುದಿಲ್ಲ, ಕೋಲಿನಂತೆ ನೆಟ್ಟಗೆ ನಿಂತುಬಿಟ್ಟಿದೆ. ಆಟೋದಲ್ಲಿ ಕೂತರೆ ಆ ಕಾಲು ಹೊರಗೇ ಉಳಿಯುತ್ತದೆ. ಮಗನ ಹೊಸ ಕಾರಿನಲ್ಲಿ ಬಾಗಿಲು ಹಾಕುವುದಕ್ಕೆ ಬರುವುದಿಲ್ಲ. ಬಸ್ಸಿನ ಮಾತಂತೂ ಬೇಡ. ಮೊದಲೇ ಗಿಡ್ಡ ಹೆಂಗಸು. ಅಪ್ಪನ ಕಾರಿನ ಹಿಂದಿನ ಸೀಟು ಮಾತ್ರ ಅವಳ ಅಳತೆಗೆ ಮಾಡಿಸಿದ ಹಾಗಿತ್ತು. ಬೆನ್ನು ತಿರುಗಿಸಿ ಅಂಚಿಗೆ ಕೂತು, ಹಿಂದಕ್ಕೆ ಜರುಗಿ, ಕಾಲನ್ನು ಸೀಟಿನುದ್ದಕ್ಕೂ ಚಾಚಿ, ಮಂಡಿಯ ಕೆಳಗೆ ಹಳೆಯ ಹತ್ತಿ ದಿಂಬೊಂದನ್ನು ತುರುಕಿಕೊಂಡರೆ ಅಕ್ಕ ತಯಾರು. ಆ ದಿಂಬು ಕಾರಿನಲ್ಲೇ ಇರುತ್ತಿತ್ತು.

ನಾವು ಹೋಗುತ್ತಿದ್ದ ಜಾಗಗಳೇನೂ ದೊಡ್ಡವಲ್ಲ. ಕೋಟೆಯ ಬೀದಿಯಲ್ಲಿ ನಿಧಾನವಾಗಿ ಸಾಗಿ, ದೇವಸ್ಥಾನದ ಎದುರು ನಿಲ್ಲಿಸಿ ಕಿಟಕಿಯಿಂದಲೇ ಕೈಮುಗಿದು, ಹೋಟೆಲಿನವನು ಕಾರಿಗೇ ತಂದುಕೊಟ್ಟ ದೋಸೆ ತಿನ್ನುವುದು. ಆಮೇಲೆ ಸಂಜೆಯವರೆಗೆ ಅಕ್ಕತಂಗಿಯರಿಬ್ಬರೂ ಸೇರಿ ಊರನ್ನು ಬೈಯುವುದು. ಹುಟ್ಟುಹಬ್ಬದ ಫ್ಲೆಕ್ಸ್ ಕಂಡರೆ ಅಕ್ಕ, “ಹುಟ್ಟಿದ್ದೇ ದೊಡ್ಡ ಸಾಧನೆ ಅಂತ ಹಾಕಿಸ್ಕೊಂಡಿದಾನೆ ನೋಡೇ” ಎನ್ನುವಳು. ದೋಸೆ ತಿಂದು, “ಇದನ್ನ ದೋಸೆ ಅಂತ ಕರೆಯೋಕೂ ಧೈರ್ಯ ಬೇಕು” ಎನ್ನುವಳು. ಮುಂದಿನ ವಾರ ಅದೇ ದೋಸೆಯೇ ಬೇಕು. ಅಕ್ಕ ಯಾವುದನ್ನೂ ಹೊಗಳಿದವಳಲ್ಲ. ನನಗೆ ಮೇಷ್ಟರ ಕೆಲಸ ಸಿಕ್ಕಿದಾಗ “ಪಾಪ, ಮಕ್ಕಳು” ಅಂದಿದ್ದಳು. ನನ್ನ ಮದುವೆ ನಿಶ್ಚಯವಾದಾಗ “ಹುಡುಗ ಎತ್ತರ ಇದಾನೆ” ಎಂದು ನಿಲ್ಲಿಸಿದ್ದಳು. ವಾರವಿಡೀ ಸೊಸೆಯ ಮುಂದೆ ನುಂಗಿಕೊಂಡ ಮಾತನ್ನೆಲ್ಲ ಆ ಕಿಟಕಿಯಲ್ಲಿ ಹೊರಗೆ ಹಾಕಿ, ಹಗುರಾಗಿ ಮನೆಗೆ ಹೋಗುತ್ತಿದ್ದಳು. ಅವಳಿಗೆ ಇದ್ದ ಹೊರಜಗತ್ತು ಅದೊಂದೇ.

ಒಂದು ಗುರುವಾರ ಅವಳನ್ನು ಮನೆಗೆ ಬಿಟ್ಟು ವಾಪಸು ಬರುವಾಗ ಹಿಂದೆಲ್ಲೋ ಟಣ್ ಎಂದು ಸದ್ದಾಯಿತು. ಇಂಜಿನ್ ಓಡುತ್ತಿದೆ, ಕಾರು ಮಾತ್ರ ನಿಂತಿದೆ. ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲಿನೊಳಗೆ, ಚಕ್ರ ತಿರುಗಿಸುವ ಶಾಫ್ಟು ಮುರಿದಿತ್ತು. ಶಿವಮೊಗ್ಗದ ಗ್ಯಾರೇಜಿನವನು ಹಳೆಯದೊಂದು ಶಾಫ್ಟ್ ಹುಡುಕಿ ಸಂಜೆಯೊಳಗೆ ಹಾಕಿಕೊಡುತ್ತೇನೆ ಎಂದ. ಅಷ್ಟಕ್ಕೆ ಮುಗಿಯಬೇಕಾದ ಕಥೆ.

“ಮತ್ತೆ ಮುರಿಯತ್ತೆ ಮಾರಾಯ್ತಿ. ಆ ಇಂಜಿನ್ನಿನ ಶಕ್ತಿಗೆ ಈ ಆಕ್ಸಲ್ ಸಾಲಲ್ಲ. ಜೀಪಿನ ಆಕ್ಸಲ್ಲೇ ಹಾಕಿಸಿಬಿಡ್ತೀನಿ. ಶಾಶ್ವತ ಪರಿಹಾರ” ಎಂದರು ಇವರು.

“ಅಕ್ಕನ ಗುರುವಾರ?”

“ಒಂದು ವಾರ ತಡ್ಕೊಳ್ಳಲಿ, ಏನೀಗ.”

ಕಾರನ್ನು ಎಳೆಸಿಕೊಂಡು ಹೋಗಿ ಭದ್ರಾವತಿಯಲ್ಲಿ ಇವರ ಗೆಳೆಯರೊಬ್ಬರ ಶೆಡ್ಡಿಗೆ ಹಾಕಿದರು. ಅವರು ಅದೇ ಕಾರ್ಖಾನೆಯ ಹಳೆಯ ಫೋರ್‌ಮನ್. ಮನೆಮಾತು ತಮಿಳು, ಲೆಕ್ಕ ಹಾಕುವುದು ತೆಲುಗಿನಲ್ಲಿ, ನನಗೆ ಸಮಾಧಾನ ಹೇಳುವುದು ಕನ್ನಡದಲ್ಲಿ. “ಮೇಡಮ್, ಇದು ಭದ್ರಾವತಿ ಕೈ. ಒಂದ್ಸಲ ಹಾಕಿದ್ರೆ ಮುಗೀತು, ನಿಮ್ಮ ಮೊಮ್ಮಕ್ಕಳು ಓಡಿಸ್ತಾರೆ” ಎಂದರು. ಕಬ್ಬಿಣದ ಊರಿನಲ್ಲಿ ಸಂಬಳ ತೆಗೆದುಕೊಂಡವರಿಗೆಲ್ಲ ಕಬ್ಬಿಣ ತಮ್ಮ ಮಾತು ಕೇಳುತ್ತದೆ ಎಂಬ ಭ್ರಮೆ ಇರುತ್ತದೆ. ಇಬ್ಬರೂ ಎದುರುಬದುರು ಕುರ್ಚಿ ಹಾಕಿಕೊಂಡು, ಗುಜರಿಯಿಂದ ತಂದ ಜೀಪಿನ ಆಕ್ಸಲನ್ನು ನಡುವೆ ಮಲಗಿಸಿ, ಕಾಫಿ ಕುಡಿಯುತ್ತ ಸಭೆ ನಡೆಸಿದರು. ಕಾರ್ಖಾನೆಯ ಅಭ್ಯಾಸ. ಸಭೆ ಮುಗಿದರೆ ಕೆಲಸ ಮುಗಿದ ಹಾಗೆ.

ತೊಂದರೆ ಇದ್ದದ್ದು ಇಷ್ಟು. ಜೀಪಿನ ಆಕ್ಸಲಿನಲ್ಲಿ ಗೇರು ಹಲ್ಲುಗಳಿರುವ ದಪ್ಪ ಗುಂಡು ನಡುವೆ ಇರಲಿಲ್ಲ, ಒಂದು ಪಕ್ಕಕ್ಕೆ ಸರಿದಿತ್ತು. ಇಂಜಿನ್ನಿನಿಂದ ಹಿಂದಕ್ಕೆ ಬರುವ ಸರಳು ನೆಟ್ಟಗೆ ಕೂಡಬೇಕೆಂದರೆ ಅದು ಇವರಿಗೆ ಇನ್ನೊಂದು ಪಕ್ಕಕ್ಕೆ ಬೇಕಾಗಿತ್ತು. ಹಲವು ಕಾಫಿಗಳಾದ ಮೇಲೆ ಪರಿಹಾರ ಹೊಳೆಯಿತು. ಆಕ್ಸಲನ್ನು ತಲೆಕೆಳಗು ಮಾಡಿದರು. ಗುಂಡು ಬೇಕಾದ ಕಡೆಗೆ ಬಂತು. ಇಬ್ಬರೂ ಕೈ ಕುಲುಕಿದರು. ಆಕ್ಸಲ್ ಕೂರುವ ಸ್ಪ್ರಿಂಗ್ ಪಟ್ಟಿಗಳಿಗೆ ಹೊಂದುವಂತೆ ಅದರ ಕೆಳಮೈಗೆ ಪೀಠಗಳನ್ನು ಭದ್ರವಾಗಿ ವೆಲ್ಡ್ ಮಾಡಿಸಿದರು. ಎಣ್ಣೆ ಇಳಿಸುವ ಬಿರಡೆ ಆಕಾಶ ನೋಡುತ್ತಿದೆಯಲ್ಲ ಎಂದು ನಾನು ಕೇಳಿದೆ. ಫೋರ್‌ಮನ್ ನಕ್ಕು, “ಎಣ್ಣೆ ಹಾಕೋಕೆ ಸುಲಭ ಮೇಡಮ್” ಎಂದರು.

ಮಾವಿನ ಮಿಡಿಯ ಕಾಲದಲ್ಲಿ ಶೆಡ್ಡು ಸೇರಿದ ಕಾರು ಅಡಿಕೆ ಕೊಯ್ಲು ಶುರುವಾದರೂ ಹೊರಗೆ ಬರಲಿಲ್ಲ. ಗುರುವಾರ ನಾನು ಬಸ್ಸಿನಲ್ಲಿ ಹೋಗಿ ಅಕ್ಕನ ಜೊತೆ ಜಗಲಿಯಲ್ಲಿ ಕೂತು ಬರುತ್ತಿದ್ದೆ. “ಬೈಯೋಕೂ ಏನಿಲ್ಲ ಕಣೇ ಇಲ್ಲಿ. ಅದೇ ಗೋಡೆ, ಅದೇ ನಾಯಿ. ನಾಯೀನ ಎಷ್ಟೂಂತ ಬೈಲಿ” ಎಂದಳು ಒಂದು ದಿನ. ಬರಬರುತ್ತ ಅವಳ ಮಾತು ಕಮ್ಮಿಯಾಗಿತ್ತು. ನಾನು ಮನೆಗೆ ಬಂದು ಇವರ ಮೇಲೆ ಹರಿಹಾಯುತ್ತಿದ್ದೆ. ಇವರು ಮುಂದಿನ ವಾರ ಎನ್ನುತ್ತಿದ್ದರು.

ಕೊನೆಗೆ ಕೆಲಸ ಮುಗಿಯಿತು ಎಂದಾಗ ಇವರ ಭಾವ ನಡುವೆ ಬಂದರು. ಭಾವ ಪುರೋಹಿತರು. ಹೊಸ ಆಕ್ಸಲ್ ಎಂದರೆ ಹೊಸ ವಾಹನವೇ ಸರಿ, ಪೂಜೆಯಾಗಿ ನಿಂಬೆಹಣ್ಣಿನ ಮೇಲೆ ಹತ್ತುವ ತನಕ ಚಕ್ರ ಉರುಳಕೂಡದು ಎಂದು ವಿಧಿಸಿದರು. ಒಮ್ಮೆ ಓಡಿಸಿ ನೋಡಿ ಆಮೇಲೆ ಪೂಜೆ ಮಾಡಿ ಅಂದೆ. “ನೀನು ಸುಮ್ನಿರಮ್ಮ” ಎಂದರು ಭಾವ. ಒಂದು ಬೋಲ್ಟನ್ನೂ ಪರೀಕ್ಷೆ ಮಾಡದೆ ಗೇಟಿನಿಂದ ಹೊರಗೆ ಬಿಟ್ಟವನಲ್ಲ ನಾನು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವ ನಮ್ಮ ಇಂಜಿನಿಯರು ಆವತ್ತು ಪಂಚೆ ಉಟ್ಟು, ಕೈಕಟ್ಟಿ, ತಲೆಯಾಡಿಸಿದರು.

ಮುಹೂರ್ತದ ದಿನ ಶೆಡ್ಡಿನ ಮುಂದೆ ಸಗಣಿ ಸಾರಿಸಿ ರಂಗೋಲಿ ಹಾಕಿದ್ದರು. ಕಾರಿಗೆ ಸೇವಂತಿಗೆ ಹಾರ. ಪ್ರತಿ ಚಕ್ರದ ಮುಂದೆಯೂ ಒಂದೊಂದು ನಿಂಬೆಹಣ್ಣು. ಪೂಜೆ ಮುಗಿದ ಕೂಡಲೇ ಅಕ್ಕನ ಮನೆಗೆ ಹೋಗಿ ಅವಳನ್ನು ಕರೆದುಕೊಂಡು ಹೊರಡುವುದೆಂದು ಮಾತಾಗಿತ್ತು. ಅವಳು ಬೆಳಿಗ್ಗೆಯೇ ಸೀರೆ ಉಟ್ಟು ಕೂತಿದ್ದಳು. ಭಾವ ಮಂತ್ರ ಹೇಳಿ ಗಡಿಯಾರ ನೋಡಿ ಕೈ ಎತ್ತಿದರು. ಇವರು ಮೊದಲನೇ ಗೇರು ಹಾಕಿ ಕ್ಲಚ್ ಬಿಟ್ಟರು. ಕಾರು ಘನವಾಗಿ ಹಿಂದಕ್ಕೆ ಹೋಯಿತು.

ಇವರು ಬ್ರೇಕ್ ಹಾಕಿ, ಗೇರು ನೋಡಿಕೊಂಡು, ಮತ್ತೆ ಮೊದಲನೆಯದನ್ನೇ ಹಾಕಿದರು. ಮತ್ತೆ ಹಿಂದಕ್ಕೆ ಹೋಗಿ ಶೆಡ್ಡಿನ ಕಬ್ಬಿಣದ ಡ್ರಮ್ಮಿಗೆ ಗುದ್ದಿ ನಿಂತಿತು. ಎರಡನೆಯದು ಹಾಕಿದರು, ಡ್ರಮ್ಮು ಬಿತ್ತು. ನಿಂಬೆಹಣ್ಣುಗಳು ದೂರದಲ್ಲಿ ಸಾಲಾಗಿ, ನುಣ್ಣಗೆ ಕೂತಿದ್ದವು. ಆಕ್ಸಲ್ ತಲೆಕೆಳಗಾದರೆ ಚಕ್ರವೂ ಉಲ್ಟಾ ತಿರುಗುತ್ತದೆ ಎಂಬುದು ಅಷ್ಟೊಂದು ಕಾಫಿ ಕುಡಿದ ಇಬ್ಬರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಫೋರ್‌ಮನ್ ಮೆಲ್ಲಗೆ, “ರಿವರ್ಸ್ ಹಾಕಿ ನೋಡಿ ಸಾರ್” ಎಂದರು. ರಿವರ್ಸ್ ಹಾಕಿದರೆ ಕಾರು ಮುಂದಕ್ಕೆ ಬಂದು ನಿಂಬೆಹಣ್ಣುಗಳನ್ನು ಚೊಕ್ಕವಾಗಿ ಅಪ್ಪಚ್ಚಿ ಮಾಡಿತು. ಭಾವನವರ ಮುಖಕ್ಕೆ ಜೀವ ಬಂತು. “ಹಣ್ಣು ಒಡೀತಲ್ಲ, ಮುಹೂರ್ತಕ್ಕೇನೂ ದೋಷ ಇಲ್ಲ” ಎಂದು ದಕ್ಷಿಣೆಯ ತಟ್ಟೆ ಎತ್ತಿಕೊಂಡರು.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ಕೆಮ್ಮು ಬರುವಷ್ಟು ನಕ್ಕಳು. “ನಿನ್ನ ಗಂಡನ ಕೈಗೆ ಸಿಕ್ಕಿದ ಮೇಲೆ ಮುಂದಕ್ಕೆ ಹೋದೀತು ಅಂತ ನೀನು ಹೇಗೆ ಅಂದ್ಕೊಂಡೆ” ಎಂದಳು. ತಿಂಗಳುಗಳ ನಂತರ ಅವಳ ನಗು ಕೇಳಿದೆ. ಆ ನಗುವಿಗಾಗಿ ಇವರನ್ನು ಅವತ್ತಿನ ಮಟ್ಟಿಗೆ ಕ್ಷಮಿಸಿದ್ದೆ.

ಮತ್ತೆ ಸಭೆ. ಆಕ್ಸಲನ್ನು ಸರಿಯಾದ ಕಡೆಗೆ ತಿರುಗಿಸಿದರು. ಗುಂಡು ಮತ್ತೆ ಬೇಡದ ಪಕ್ಕಕ್ಕೇ ಹೋಯಿತು, ಇಂಜಿನ್ನಿನ ಸರಳನ್ನೇ ಓರೆ ಮಾಡಿ ಅದಕ್ಕೆ ಕೂಡಿಸಿದರು. ಈಗ ವೆಲ್ಡ್ ಮಾಡಿಸಿದ ಪೀಠಗಳು ಮೇಲಕ್ಕೆ ಬಂದವು. ಅವನ್ನು ಕಿತ್ತು ಕೆಳಗೆ ಕೂರಿಸಬಹುದಿತ್ತು. ಕಿತ್ತರೆ ಕಬ್ಬಿಣದ ಬಲ ಕುಗ್ಗುತ್ತದೆ, ನಾವು ಮಾಡುತ್ತಿರುವುದೇ ಬಲಕ್ಕಾಗಿ ಅಲ್ಲವೇ ಎಂದು ಇಬ್ಬರೂ ಸೇರಿ ಸ್ಪ್ರಿಂಗ್ ಪಟ್ಟಿಗಳನ್ನೇ ಆಕ್ಸಲಿನ ಮೇಲೆ ಹತ್ತಿಸಿದರು. ಪಟ್ಟಿಯ ಮೇಲಿರಬೇಕಾದ ಆಕ್ಸಲ್ ಕೆಳಗೆ ಹೋಯಿತು, ಕಾರು ಮೇಲೆ ಹೋಯಿತು. ಹಿಂಬದಿ ಮುಕ್ಕಾಲು ಗೇಣು ಎದ್ದು, ಮೂಗು ನೆಲಕ್ಕೆ ಬಗ್ಗಿತು. ಈ ಸಲ ಓಡಿಸಿ ನೋಡಿದರು. ಯಾವ ಗುಂಡಿಗೂ ಅಳುಕದೆ ಮುಂದಕ್ಕೇ ಹೋಯಿತು. “ಇನ್ನು ಲಾರಿ ಹಿಂದೆ ಕಟ್ಟಿದರೂ ಎಳೆಯತ್ತೆ” ಎಂದು ಇವರು ಬೀಗಿದರು. ಲಾರಿ ಎಳೆಯುವ ಕೆಲಸ ನಮ್ಮ ಮನೆಯಲ್ಲಿ ಯಾರಿಗಿತ್ತೋ.

ಆ ಗುರುವಾರ ನಾನೇ ಓಡಿಸಿಕೊಂಡು ಅಕ್ಕನ ಮನೆಗೆ ಹೋದೆ. ಹೊಗಳಿಕೆ ಕೇಳುವುದಕ್ಕೆಂದು ಇವರೂ ಫೋರ್‌ಮನ್ನರೂ ಜೊತೆಗೆ ಬಂದಿದ್ದರು. ಅಕ್ಕ ಅದೇ ಸೀರೆ ಉಟ್ಟು, ಕೋಲು ಹಿಡಿದು ಗೇಟಿನ ಹತ್ತಿರ ನಿಂತಿದ್ದಳು. ನಾನು ಹಿಂದಿನ ಬಾಗಿಲು ತೆಗೆದೆ. ಅವಳು ಎಂದಿನಂತೆ ಬೆನ್ನು ತಿರುಗಿಸಿ ಕೂರಲು ಹೋದಳು. ಸೀಟು ಅವಳ ಸೊಂಟಕ್ಕೆ ತಗುಲಿತು.

ಬಾಗಿಲು ಹಿಡಿದು ಎಡಗಾಲಿನ ಮೇಲೆ ಜೀಕಿದಳು. ಅಂಚಿಗೆ ಏರಿದವಳು ಮುಂದಕ್ಕೇ ಜಾರಿ ಇಳಿದಳು. ಒಳಗಿನಿಂದ ಮಣೆ ತಂದು ಇಟ್ಟೆವು. ಮಡಚದ ಕಾಲಿನಲ್ಲಿ ಮಣೆಯ ಮೇಲೆ ನಿಲ್ಲಲಾಗಲಿಲ್ಲ. ಇವರು, “ನಾವಿಬ್ರೂ ಹಿಡಿದು ಎತ್ತಿ ಕೂರಿಸಿಬಿಡ್ತೀವಿ” ಎಂದರು.

“ನಾನೇನು ಅಡಿಕೆ ಮೂಟೇನ?” ಎಂದಳು ಅಕ್ಕ.

ಆಮೇಲೆ ಕಾರನ್ನು ಮೇಲಿಂದ ಕೆಳಗೆ ನೋಡಿದಳು. ಡಿಕ್ಕಿಯ ಮೇಲೆ ಕೈಯಾಡಿಸಿದಳು. “ಚೆನ್ನಾಗಿ ಮಾಡಿದೀರಿ. ಗಟ್ಟಿಯಾಗಿದೆ” ಎಂದಳು.

ಇವರ ಮುಖ ಅರಳಿತು. “ನೋಡು, ನಿಮ್ಮಕ್ಕನ ಬಾಯಲ್ಲೇ ಬಂತು” ಎಂದು ನನ್ನ ಕಡೆ ತಿರುಗಿದರು. ಹುಟ್ಟಿದಾಗಿನಿಂದ ನೋಡಿದ್ದೇನೆ, ಅಕ್ಕ ಯಾವುದನ್ನಾದರೂ ಚೆನ್ನಾಗಿದೆ ಅಂದಿದ್ದು ಅದೇ ಮೊದಲು. ಬೈಯುವಷ್ಟು ಆಸೆ ಅವಳಲ್ಲಿ ಉಳಿದಿರಲಿಲ್ಲ.

“ಆ ದಿಂಬು ಇತ್ತ ಕೊಡೇ. ಮನೇಲೇ ಬೇಕಾಗತ್ತೆ” ಎಂದಳು.

ಕೊಟ್ಟೆ. ಅದನ್ನು ಕಂಕುಳಲ್ಲಿ ಇರುಕಿಕೊಂಡು, ಕೋಲೂರುತ್ತ ಜಗಲಿಯ ಕಡೆ ನಡೆದಳು.

ಇವರು ಆಗಲೇ ಚಕ್ರದ ಹತ್ತಿರ ಬಗ್ಗಿ ಫೋರ್‌ಮನ್ನರಿಗೆ ಏನೋ ತೋರಿಸುತ್ತಿದ್ದರು. ನಾನು ಕಾರಿನ ಕೀಲಿಯನ್ನು ಅವರ ಕೈಗೆ ಹಾಕಿ, “ಹಳೇ ಆಕ್ಸಲ್ ಹಾಕಿಸಿಕೊಂಡು ಬನ್ನಿ. ಅಲ್ಲೀವರೆಗೆ ನಾನು ಇಲ್ಲೇ ಇರ್ತೀನಿ” ಎಂದೆ.

“ಅದನ್ನ ಗುಜರಿಗೆ ಹಾಕಿ ಎಷ್ಟು ದಿನ ಆಯ್ತೇ” ಎಂದರು.

“ಗೊತ್ತು” ಎಂದು ಹೇಳಿ ಅಕ್ಕನ ಹಿಂದೆ ಒಳಗೆ ಹೋದೆ.