ದೇವಕಿಯ ಕ್ರೆಶ್ ಯಾರ ಹೆಸರಿನಲ್ಲಿ

ಚಂದನ್ ಕ್ಯಾಮೆರಾ ಸ್ಟ್ಯಾಂಡು ಬಿಚ್ಚಿ ನಿಲ್ಲಿಸುವಷ್ಟರಲ್ಲಿ ದೇವಕಿ ಮಕ್ಕಳಿಗೆ ಊಟ ಮಾಡಿಸಿ, ಬಾಯಿ ಒರೆಸಿ, ಚೆಲ್ಲಿದ ಅನ್ನ ಬಳಿದು, ಚಾಪೆ ಹಾಸಿದ್ದಳು. ಅಷ್ಟಾದ ಮೇಲೆ ಅವಳಿಗೆ ಅಡುಗೆಮನೆಯಲ್ಲಿರಲು ಹೇಳಿದರು.

"ಬೇಜಾರು ಮಾಡ್ಕೋಬೇಡಿ ಅಕ್ಕ," ಎಂದ ಚಂದನ್. "ವಿಡಿಯೋದಲ್ಲಿ ನೀವೂ ಕಂಡರೆ, ಈ ಕ್ರೆಶ್ ನಡೆಸೋರು ಯಾರು ಅಂತ ವೀಸಾ ಆಫೀಸಿನವರಿಗೆ ಅನುಮಾನ ಬರುತ್ತೆ."

ಮಯೂರ್ ವಿಹಾರದ ಈ ನೆಲಮಹಡಿ ಫ್ಲ್ಯಾಟಿನ ಮುಂದಿನ ಕೋಣೆಯಲ್ಲಿ, ಮಗಳು ಗಗನಾ ಶಾಲೆಗೆ ಸೇರಿದ ವರ್ಷದಿಂದ ದೇವಕಿ ಕ್ರೆಶ್ ನಡೆಸುತ್ತಿದ್ದಳು. ಬೆಳಗಿನ ಮೆಟ್ರೋ ಹಿಡಿಯುವ ತಾಯಂದಿರು ಮಕ್ಕಳನ್ನು ಅವಳ ಸೊಂಟಕ್ಕೆ ದಾಟಿಸಿ ಓಡುತ್ತಿದ್ದರು. ಬೋರ್ಡು ಬರೆಸುವಾಗ, ಬ್ಯಾಂಕ್ ಖಾತೆ ತೆರೆಯುವಾಗ ಗಂಡ ಮಹಂತೇಶ್ ಎರಡಕ್ಕೂ ತನ್ನ ಹೆಸರನ್ನೇ ಕೊಟ್ಟಿದ್ದ. "ನೀನೆಲ್ಲಿ ಆಫೀಸು ಆಫೀಸು ಅಲೀತೀಯ," ಎಂದಿದ್ದ. ಮಕ್ಕಳನ್ನು ಬಿಟ್ಟು ಅಲೆಯಲು ಅವಳಿಗೂ ಪುರುಸೊತ್ತಿರಲಿಲ್ಲ.

ನೋಯ್ಡಾದ ಕಂಪನಿಯಲ್ಲಿ ಮಹಂತೇಶನಿದ್ದ ವಿಭಾಗವನ್ನು ಈಚೆಗೆ ಮುಚ್ಚಿದರು. ಅಂದಿನಿಂದ ಬೆಳಗಿನ ಗಲಾಟೆ ಕೇಳಬಾರದೆಂದು ಅವನು ಕೋಣೆಯ ಬಾಗಿಲು ಹಾಕಿಕೊಂಡು ಮಲಗುತ್ತಿದ್ದ. ವಿದೇಶಕ್ಕೆ ಹೋಗಿ ನೆಲೆಸೋಣವೆಂದು ಇಬ್ಬರೂ ಕೂತು ಮಾತಾಡಿಯೇ ತೀರ್ಮಾನಿಸಿದ್ದರು. ಕರೋಲ್ ಬಾಗಿನ ವೀಸಾ ಏಜೆನ್ಸಿಯೊಂದರಲ್ಲಿ ದಾವಣಗೆರೆಯ ಹುಡುಗನಿದ್ದಾನೆಂದು ಕೇಳಿ ಚಂದನ್‌ನನ್ನು ಹುಡುಕಿಕೊಂಡು ಹೋದರು.

ಅವನು ಎರಡು ಯೋಜನೆ ತೋರಿಸಿದ. ಒಂದರಲ್ಲಿ ಸ್ವಂತ ವ್ಯವಹಾರ ನಡೆಸಿದವರಿಗೆ ಕಾಯಂ ವಾಸದ ಅನುಮತಿ ಸಿಗುತ್ತಿತ್ತು. ಇನ್ನೊಂದರಲ್ಲಿ ಮಕ್ಕಳನ್ನೋ ಮುದುಕರನ್ನೋ ನೋಡಿಕೊಂಡ ಅನುಭವವಿದ್ದವರಿಗೆ. ಎರಡಕ್ಕೂ ಇವರ ಬಳಿ ಇದ್ದ ಆಧಾರ ಆ ಮುಂದಿನ ಕೋಣೆಯೊಂದೇ. ವ್ಯವಹಾರವೆಂದು ತೋರಿಸಿದರೆ ಅರ್ಜಿದಾರ ಮಹಂತೇಶ್. ಆರೈಕೆಯೆಂದು ತೋರಿಸಿದರೆ ದೇವಕಿ. ಉಳಿದವರು ಅವಲಂಬಿತರು.

"ನಾನು ನಿನ್ನ ಡಿಪೆಂಡೆಂಟಾ?" ಎಂದು ವಾಪಸು ಬರುವಾಗ ಮೆಟ್ರೋದಲ್ಲೇ ಮಹಂತೇಶ್ ಕೇಳಿದ್ದ. "ಊರಲ್ಲಿ ಅಣ್ಣ ಕೇಳಿದ್ರೆ ಏನನ್ನಲಿ? ಹೆಂಡತಿ ಆಯಾ ಕೆಲಸಕ್ಕೆ ಹೊರಟಿದಾಳೆ, ನಾನು ಹಿಂದೆ ಬ್ಯಾಗ್ ಹೊತ್ಕೊಂಡು ಹೋಗ್ತಿದೀನಿ ಅಂತಲಾ?"

"ಇಲ್ಲೂ ಅದೇ ಕೆಲಸಾನೇ ಮಾಡ್ತಿರೋದು ಕಣ್ರೀ ನಾನು."

ಮರುದಿನ ಅವನು ಅವಳಿಗೆ ಹೇಳದೆ ಚಂದನ್‌ಗೆ ಫೋನ್ ಮಾಡಿ, ಮೊದಲನೇ ಯೋಜನೆಯೇ ಇರಲಿ ಎಂದಿದ್ದ.

ಈಗ ಅವನು ದೇವಕಿ ಇಸ್ತ್ರಿ ಮಾಡಿಟ್ಟ ಶರ್ಟು ತೊಟ್ಟು ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತ. ಕ್ಯಾಮೆರಾಕ್ಕೆ ಇಂಗ್ಲಿಷಿನಲ್ಲಿ ತನ್ನ ಸಂಸ್ಥೆಯ ಬಗ್ಗೆ ಹೇಳತೊಡಗಿದ. ಎರಡು ತುಂಬದ ಪ್ರಕೃತಿ ಎದ್ದು ನಿಂತು, ಸುತ್ತ ನೋಡಿ, ಮುಖ ಹುಳ್ಳಗೆ ಮಾಡಿ ಅಳಲು ಶುರುಮಾಡಿತು. ಅದು ಡೈಪರ್ ಒದ್ದೆಯಾದ ಅಳು ಎಂದು ದೇವಕಿಗೆ ಒಳಗಿನಿಂದಲೇ ತಿಳಿಯಿತು. ಬಾಗಿಲಿಗೆ ಬಂದವಳನ್ನು ಮಹಂತೇಶ್ ಅಂಗೈ ತೋರಿಸಿ ತಡೆದ. ಅವಳು ಅಡುಗೆಕಟ್ಟೆಯ ಅಂಚು ಹಿಡಿದುಕೊಂಡು ನಿಂತಳು.

ಮಹಂತೇಶ್ ಡೈಪರ್ ತೆಗೆದುಕೊಂಡ. ಅಳು ಜೋರಾಯಿತು. ಪಕ್ಕದ ಮಗುವೂ ಸೇರಿಕೊಂಡಿತು.

"ಪಪ್ಪಾ, ವೋ ಉಲ್ಟಾ ಹೈ," ಎಂದಳು ಒಳಕೋಣೆಯಿಂದ ಇಣುಕಿದ ಗಗನಾ. "ಟೇಪ್ ಹಿಂದಿನಿಂದ ಬರಬೇಕು."

"ಹೋಗಿ ಓದ್ಕೋ ನೀನು."

"ಪರವಾಗಿಲ್ಲ ಸರ್, ಇದನ್ನ ಕಟ್ ಮಾಡ್ತೀನಿ," ಎಂದ ಚಂದನ್.

ದೇವಕಿ ಬಂದು ಮಗುವನ್ನೆತ್ತಿಕೊಂಡಳು. ಒರೆಸಿ, ಬದಲಿಸಿ, ಹೆಗಲಿಗೆ ಹಾಕಿಕೊಂಡಳು. ಅಳು ನಿಂತಿತು. ಚಂದನ್ ಕ್ಯಾಮೆರಾ ಆರಿಸಿ ಬ್ಯಾಗಿನಿಂದ ಒಂದು ಹಾಳೆ ತೆಗೆದ.

"ಅಚ್ಛಾ ಅಕ್ಕ, ನಿಮ್ಮದೊಂದು ಸಹಿ. ಇದಿಲ್ಲದೆ ಫೈಲ್ ಹೋಗಲ್ಲ."

ತಾನು ಗೃಹಿಣಿ, ಯಾವ ಉದ್ಯೋಗವನ್ನೂ ಎಂದೂ ಮಾಡಿಲ್ಲ ಎಂಬ ಹೇಳಿಕೆ ಅದು. ದೇವಕಿ ನಿಂತೇ ಓದಿದಳು.

"ಅಲ್ಲಿಗೆ ಹೋದ ಮೇಲೆ ನಾನು ಮಕ್ಕಳನ್ನ ನೋಡ್ಕೊಳ್ಳೋ ಕೆಲಸ ಕೇಳಿದ್ರೆ?"

ಚಂದನ್ ಮಹಂತೇಶನ ಮುಖ ನೋಡಿದ. "ಅನುಭವ ಇಲ್ಲ ಅಂತಾರೆ ಅಕ್ಕ. ನೀವೇ ಬರ್ದು ಕೊಟ್ಟಿರ್ತೀರಲ್ಲ."

"ಹೋಗೋದು ಮೂರೂ ಜನ ತಾನೆ?" ಎಂದ ಮಹಂತೇಶ್. "ಸುಮ್ನೆ ಸಹಿ ಮಾಡು."

"ಮಾಡಲ್ಲ."

ಅವಳು ಹಾಳೆಯನ್ನು ಟಿವಿಯ ಮೇಲಿಟ್ಟಳು. "ಚಂದನ್, ಎರಡನೇ ಯೋಜನೆಯ ಪೇಪರ್ ತೆಗಿಯಪ್ಪ."

"ಅದಕ್ಕೆ ನನ್ನ ಸಹಿ ಬೇಡ್ವಾ?" ಮಹಂತೇಶನ ದನಿ ತಗ್ಗಿತ್ತು. "ನಾನು ಮಾಡದಿದ್ರೆ?"

"ಆಗ ಯಾರೂ ಹೋಗಲ್ಲ. ಇಲ್ಲೇ ಇರೋಣ. ಕ್ರೆಶ್ ಇದೆಯಲ್ಲ."

ಈಗ ಮನೆ ನಡೆಯುತ್ತಿದ್ದುದು ಅದರಿಂದಲೇ. ಗಗನಾ ಬಾಗಿಲಲ್ಲಿ ನಿಂತು ಅಪ್ಪನನ್ನೇ ನೋಡುತ್ತಿದ್ದಳು.

ಚಂದನ್ ಸ್ಟ್ಯಾಂಡು ಮಡಚತೊಡಗಿದ. "ಸರ್, ಒಂದು ಹೇಳಿಬಿಡ್ತೀನಿ. ಆ ಯೋಜನೆಯಲ್ಲಿ ಗಂಡನನ್ನೂ ಇಂಟರ್ವ್ಯೂಗೆ ಕರೀತಾರೆ. ಹೆಂಡತಿ ದಿನಾ ಏನು ಕೆಲಸ ಮಾಡ್ತಾರೆ ಅಂತ ಕೇಳ್ತಾರೆ. ತಪ್ಪು ಹೇಳಿದ್ರೆ ಮೂವರದ್ದೂ ಹೋಯ್ತು. ಯೋಚ್ನೆ ಮಾಡಿ ಫೋನ್ ಮಾಡಿ."

ಅವನು ಹೋದ ಮೇಲೂ ಮಹಂತೇಶ್ ಚಾಪೆಯಿಂದ ಏಳಲಿಲ್ಲ. ನಿದ್ದೆಹೋದ ಮಗುವೊಂದರ ಕಾಲು ಅವನ ತೊಡೆಯ ಮೇಲಿತ್ತು. ಸರಿಸಿದರೆ ಏಳುತ್ತದೇನೋ ಎಂದು ಅಲುಗದೆ ಕೂತಿದ್ದ.

"ಬೆಳಿಗ್ಗೆ ಮೊದಲು ಬರೋದು ಯಾವ ಮಗು?" ಎಂದು ಕೊನೆಗೆ ಕೇಳಿದ.

ದೇವಕಿ ಪ್ರಕೃತಿಯನ್ನು ಮಲಗಿಸಿ ಹೊದಿಕೆ ಎಳೆದಳು.

"ನಾಳೆ ಬಾಗಿಲು ನೀವು ತೆಗೀರಿ," ಎಂದಳು. "ಗೊತ್ತಾಗುತ್ತೆ."