ಕಾಲು ಸೂಪನ್ನು ಪತ್ತೆ ಹಚ್ಚಿದ ಲ್ಯಾಬಕ್ಕ

ಲ್ಯಾಬಕ್ಕನ ಬಲಗೈ ಹೆಬ್ಬೆರಳಿನಿಂದ ನೀಲಿ ಮಾರ್ಕರಿನ ಮಸಿ ಯಾವತ್ತೂ ಹೋದದ್ದಿಲ್ಲ. ಪಾಂಡವಪುರದ ಅವರ ಲ್ಯಾಬಿನಲ್ಲಿ ಡಬ್ಬಿಯ ಮೇಲೆ ಹೆಸರು ಬರೆದು, ಮಸಿ ಒಣಗಿತೋ ಎಂದು ಒತ್ತಿ ನೋಡಿ, ಆಮೇಲೆ ಜೋರಾಗಿ ಓದಿ ಹೇಳುತ್ತಿದ್ದರು. ಯಾರಾದರೂ ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಂದರೆ, "ಕದ್ದು ತಂದಂಗೆ ತರ್ತೀಯಲ್ಲಮ್ಮಿ, ಉಚ್ಚೆ ತಾನೆ?" ಎಂದು ನಗಿಸುತ್ತಿದ್ದರು.

ಬಡಗಿ ಕೆಲಸದ ನಮ್ಮ ಯಜಮಾನರ ಹೃದಯ ಸೊರಗಿತ್ತು. ಅದರ ಗೋಡೆಯಲ್ಲಿ ಕೊಲಾಜನ್ ಎಂಬ ನಾರು ಹೆಚ್ಚಿ ಬಿಗಿಯಾಗುತ್ತಿದೆಯೇ ಎಂದು ತಿಳಿಯಲು ಮೈಸೂರಿನ ಡಾಕ್ಟರು ಮೂರು ತಿಂಗಳಿಗೊಮ್ಮೆ ರಕ್ತ, ಮೂತ್ರ ಎರಡನ್ನೂ ನೋಡುತ್ತಿದ್ದರು. ಆ ನಾರಿನ ಚೂರುಗಳು ಎರಡರಲ್ಲೂ ಸಿಗುತ್ತವಂತೆ. ನಾವು ಅವನ್ನು ಕೊಡುತ್ತಿದ್ದದ್ದು ಲ್ಯಾಬಕ್ಕನ ಬಳಿ.

ಮೂರನೆಯ ಸಲ ರಕ್ತದ ಅಂಕಿ ಇಳಿದಿತ್ತು. ಮೂತ್ರದ್ದು ವಿಪರೀತ ಏರಿತ್ತು. ಮಾತ್ರೆ ಹಿಡಿಯುತ್ತಿಲ್ಲವೇನೋ, ಮರಗೆಲಸ ಬಿಡಬೇಕಾದೀತು ಎಂದರು ಡಾಕ್ಟರು. ಉಳಿ ಬಿಟ್ಟು ಬದುಕಿ ಏನು ಮಾಡಲಿ ಎಂದು ಇವರು ಊಟವನ್ನೇ ಬಿಟ್ಟರು.

ಲ್ಯಾಬಕ್ಕ ಎರಡೂ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಉಚ್ಚೆ ಸುಳ್ಳೇಳಕಿಲ್ಲ ಕಣಮ್ಮಿ, ನಾವೇ ಅದುಕ್ಕೆ ಸುಳ್ಳು ತುಂಬ್ತೀವಿ. ಪರೀಕ್ಷೆಗೆ ಮುಂಚೆ ಏನಿಕ್ಕಿದ್ದೆ?"

"ಓದ್ ಸಲ ರಕ್ತ ಕೊಟ್ಟು ತಲೆ ಸುತ್ತಿತ್ತಲ್ಲಕ್ಕ, ಅದ್ಕೇ ಎರಡು ದಿನ ಮೇಕೆ ಕಾಲು ಸೂಪು ಕುಡ್ಸಿದ್ದೆ. ಅಂಟು ಬರೋಗಂಟ ಬೇಯ್ಸಿ."

"ಸಿಕ್ದ ನೋಡು ಕಳ್ಳ!" ಮೇಜು ಕುಟ್ಟಿದರು. "ಆ ಅಂಟೇ ಕಣೆ ಕೊಲಾಜನ್ನು. ರಕ್ತದಲ್ಲಿ ನೋಡೋ ಚೂರು ಬೇರೆ, ತಿಂದದ್ದು ಅದುಕ್ಕೆ ಸೇರಕಿಲ್ಲ, ಉಚ್ಚೇಲಿ ಸೇರ್ತದೆ. ನೀನು ಮೇಕೆ ಕಾಲು ಕುಡ್ಸಿದೀಯ, ಡಾಕ್ಟ್ರು ನಿನ್ ಗಂಡನ ಎದೆ ಅನ್ಕೊಂಡವ್ರೆ!"

ಅವರೇ ಡಾಕ್ಟರಿಗೆ ಫೋನು ಮಾಡಿದರು. ನಾಲ್ಕು ದಿನ ಬರೀ ಮುದ್ದೆ, ಸೊಪ್ಪಿನ ಸಾರು. ಮತ್ತೆ ಕೊಟ್ಟೆವು. ಈ ಸಲ ಎರಡೂ ಇಳಿದಿದ್ದವು! ಅಂಕಿಗಳನ್ನು ಅಕ್ಕ ಬೀದಿಗೆಲ್ಲ ಕೇಳುವಂತೆ ಓದಿದರು. ನಾನು ಅಳುತ್ತ ನಿಂತರೆ, "ಅಳದಾದ್ರೆ ಆಚೆಗೋಗು, ಡಬ್ಬಿಗೆ ನೀರು ಬಿದ್ದಾತು" ಎಂದು ಗದರಿ, ತಾವೂ ಕಣ್ಣೊರೆಸಿಕೊಂಡರು. ಮಾತ್ರೆ ಹಿಡಿದಿದೆ, ಕೆಲಸ ಮಾಡಿಕೊಂಡಿರಲಿ ಎಂದರು ಡಾಕ್ಟರು.

ಆಮೇಲೆ ಅಕ್ಕ ಕೆಲಸ ಬಿಟ್ಟು ಬೂಕನಕೆರೆಯಲ್ಲಿ ಮನೆ ಕಟ್ಟಿಸಿದರು. ಅವರ ಋಣ ನಾವು ತೀರಿಸುವಂಥದ್ದಲ್ಲ. ಆದರೂ ಆ ಮನೆಯ ಮುಂಬಾಗಿಲು ನಮ್ಮವರ ಕೈಯದು. ತೇಗದ ಆ ಬಾಗಿಲನ್ನು ಇವರೇ ನಿಂತು ಕೂರಿಸಿ, ಏದುಸಿರಿಲ್ಲದೆ ಹಿಂದೆ ಸರಿದು ನಕ್ಕದ್ದನ್ನು ನಾನೂ ಅಕ್ಕನೂ ಕಣ್ತುಂಬ ನೋಡಿದೆವು.