ಹೈಜೀಯಾ ದೇವಿ ಮತ್ತು ನಮ್ಮಜ್ಜಿಯ ಹುಳದ ಮನೆ

ಮೊದಲೇ ಕ್ಷಮೆ ಕೇಳಿಬಿಡ್ತೀನಿ. ಈ ವಯಸ್ಸಲ್ಲಿ ಇಲ್ಲಿ ಬಂದು ಹಳೇ ತಪ್ಪು ಬರೆಯೋದು ಸರಿಯೋ ಇಲ್ವೋ… ಆದರೂ ಬರೀತಿದ್ದೀನಿ.

ಅರವತ್ತರ ದಶಕ. ಬೆಂಗಳೂರಿನ ಹಾಸ್ಟೆಲಲ್ಲಿ ಬೆಳೆದ ನಾನು ಆಗ ಕಾಲೇಜು ಫಸ್ಟ್ ಇಯರ್. ಅರ್ಧ ಇಂಗ್ಲಿಷು, ಪೂರ್ತಿ ಭಯ.

ರಜೆಗೆ ಶಿಡ್ಲಘಟ್ಟದ ಹತ್ತಿರ ನಮ್ಮೂರಿಗೆ ಬಂದಿದ್ದೆ. ಹುಡುಗಿ ಓದಿದ್ದು ಸಾಕು ಅಂತ ಅಪ್ಪನ ಮನಸ್ಸಲ್ಲಿತ್ತು. ಏನಾದ್ರೂ ಎಡವಟ್ಟು ಮಾಡಿದ್ರೆ ವಾಪಸ್ ಕಳಿಸಲ್ಲ ಅಂತ ಬಂದ ದಿನವೇ ಹೇಳಿದ್ರು.

ಅಜ್ಜಿ ರೇಷ್ಮೆಹುಳ ಸಾಕ್ತಿದ್ರು. ಕಾಲು ತೊಳೆಯದೆ ಯಾರನ್ನೂ ಹುಳದ ಮನೆಗೆ ಬಿಡ್ತಿರಲಿಲ್ಲ. ನನ್ನ ಪೌಡರ್ ವಾಸನೆ ಹುಳಕ್ಕೆ ಆಗಲ್ಲ ಅಂತ ನನ್ನನ್ನ ಹೊಸಲಲ್ಲೇ ನಿಲ್ಲಿಸಿದ್ರು.

ಅಲ್ಲೇ ನಿಂತು ನಮ್ಮ ಲೆಕ್ಚರರ್ ಹೇಳಿದ್ದನ್ನ ಒಪ್ಪಿಸಿದೆ. ಹೈಜೀನ್ ಅನ್ನೋದು ಹೈಜೀಯಾ ಅನ್ನೋ ಗ್ರೀಕ್ ದೇವಿ ಹೆಸರಿಂದ ಬಂದಿದ್ದು, ಆರೋಗ್ಯದ ದೇವಿ, ಬಟ್ಟಲಲ್ಲಿ ಹಾವಿಗೆ ಕುಡಿಸ್ತಾಳೆ ಅಂತ.

"ಹಾವಿಗೆ ಹಾಲೆರೀತಾಳಾ? ಹಂಗಾದ್ರೆ ನಮ್ಮ ಕಡೆಯೋಳೇ ಬಿಡಮ್ಮ," ಅಂದ್ರು ಅಜ್ಜಿ.

ಮಾರನೇ ದಿನ ಅಜ್ಜಿ ಹುಳಕ್ಕೆ ಸೊಪ್ಪು ಕೊಯ್ಯೋಕೆ ತೋಟಕ್ಕೆ ಹೋಗಿದ್ದಾಗ ಮಲೇರಿಯಾದೋರು ಸೊಳ್ಳೆ ಸಾಯ್ಲಿ ಅಂತ ಡಿಡಿಟಿ ಹೊಡೆಯೋಕೆ ಬಂದ್ರು. ಪ್ರತಿ ಸಲ ಅಜ್ಜಿ ಅವರನ್ನ ಹುಳದ ಮನೆ ಹತ್ರಕ್ಕೂ ಸೇರಿಸ್ತಿರಲಿಲ್ಲವಂತೆ. ನನಗೇನು ಗೊತ್ತು?

ಈ ರೂಮಿಗೂ ಹೊಡೀಬೇಕಾ ಅಂತ ಅವರು ಕೇಳೇ ಕೇಳಿದ್ರು. ಹೈಜೀನ್ ಓದಿದೋಳಲ್ವಾ… ಬಾಗಿಲು ತೆಗೆದೆ.

ನಾಲ್ಕನೇ ಜ್ವರ, ಅಂದ್ರೆ ಕೊನೇ ಸಲ ಪೊರೆ ಬಿಟ್ಟು ಎದ್ದಿದ್ದ ಹುಳ, ಇನ್ನೈದಾರು ದಿನಕ್ಕೆ ಗೂಡು ಕಟ್ಟಬೇಕಿತ್ತು. ಅಜ್ಜಿ ಬರೋಷ್ಟರಲ್ಲಿ ಸೊಪ್ಪು ಮೇಯೋ ಸರಸರ ಸದ್ದೇ ನಿಂತುಹೋಗಿತ್ತು.

ಅಜ್ಜಿ ಸೊಪ್ಪಿನ ಮಂಕರಿ ಇಳಿಸಿ ಒಂದೊಂದೇ ತಟ್ಟೆ ನೋಡ್ತಾ ಹೋದ್ರು. ನನ್ನ ಕಡೆ ತಿರುಗಲಿಲ್ಲ.

ಅಪ್ಪ ಬಂದ್ರು. ಬಾಗಿಲು ತೆಗೆದೋರ್ಯಾರು ಅಂತ ಕೇಳ್ತಿದ್ದಾರೆ. 

"ಹೋಗೋವಾಗ ನಾನೇ ಬಾಗಿಲು ಹಾಕ್ಲಿಲ್ಲ ಕಣಪ್ಪ. ಗ್ಯಾನವೇ ಇರಲಿಲ್ಲ," ಅಂದ್ರು ಅಜ್ಜಿ.

ನಾನು ಸುಮ್ಮನಿದ್ದೆ. ಮುಂದಿನ ವಾರ ಹಾಸ್ಟೆಲ್ಲಿಗೆ ಬಸ್ ಹತ್ತಿದೆ. ಓದು ಮುಗಿಸಿದೆ.

ಈಗ ಆ ದೇವಿ ಹೆಸರು ಸೋಪಿನ ಪ್ಯಾಕೆಟ್ಟಲ್ಲಿ, ಹೋಟೆಲ್ ಬೋರ್ಡಲ್ಲಿ, ಆಸ್ಪತ್ರೆ ಗೋಡೆ ಮೇಲೆ. ಓದಿದಾಗೆಲ್ಲ ನನಗೆ ಕಾಣೋದು ಕಾಲು ತೊಳ್ಕೊಂಡು ಒಳಗೆ ಹೋಗ್ತಿರೋ ಅಜ್ಜಿ.

ಅಪ್ಪ, ಅಜ್ಜಿ ಇಬ್ಬರೂ ಈಗಿಲ್ಲ. ಮನೆಯೋರು ಸೇರಿದಾಗೆಲ್ಲ ನನ್ನ ತಮ್ಮ, ಅಜ್ಜಿ ಮರೆವಿಂದ ಒಂದು ಬೆಳೆಯೇ ಹೋಯ್ತು ಅಂತ ಹೇಳಿ ಎಲ್ಲರನ್ನೂ ನಗಿಸ್ತಾನೆ. ನಾನೂ ನಗ್ತೀನಿ.

ಈ ಭಾನುವಾರ ಮತ್ತೆ ಸೇರ್ತಿದ್ದೀವಿ. ಹೇಳಿಬಿಡಲಾ? ದಯವಿಟ್ಟು ಬೇಗ ಉತ್ತರ ಬರೀರಿ.